ಕರಿನಾಯಿ, ಕಡಲ ಗಂಟೆ ಮತ್ತು ಮಿಸ್ ಟೀಕಪ್

1940ರ ಜುಲೈಯಲ್ಲಿ ಬ್ರಿಟಿಷ್ ಸರ್ಕಾರ ಹರಟೆಯ ಮೇಲೂ ಯುದ್ಧ ಸಾರಿತು. ಆಗಷ್ಟೇ ಫ್ರಾನ್ಸ್ ಬಿದ್ದಿತ್ತು. ಹಿಟ್ಲರನ ಸೈನ್ಯ ಕಡಲಿನ ಆಚೆ ದಡಕ್ಕೆ ಬಂದು ನಿಂತಿತ್ತು. ಈಚೆ ದಡದಲ್ಲಿ ಅಂತೆಕಂತೆಗಳ ಸಂತೆಯೇ ನೆರೆದಿತ್ತು. ಜರ್ಮನರು ಕ್ರೈಸ್ತ ಸನ್ಯಾಸಿನಿಯರ ವೇಷ ಹಾಕಿಕೊಂಡು ಪ್ಯಾರಾಚೂಟಿನಲ್ಲಿ ಇಳಿಯುತ್ತಾರಂತೆ ಎಂದು ಒಬ್ಬರು ಅಂದರೆ, ಆಗಲೇ ಇಳಿದಾಗಿದೆಯಂತೆ ಎಂದು ಇನ್ನೊಬ್ಬರು. ಇದಕ್ಕೆ ಮದ್ದೆಂದು ಮಾಹಿತಿ ಇಲಾಖೆ ‘ಮೌನ ಪಡೆ’ ಎಂಬ ಚಳವಳಿ ಹೂಡಿತು. ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಯಾರ‍್ಯಾರ ಬಾಯಿ ಮುಚ್ಚಿಸಬೇಕೆಂದು ಹೆಸರಿಟ್ಟು ತೋರಿಸಿತು: ಮಿಸ್ಟರ್ ನೋ-ಆಲ್, ಮಿಸ್ ಲೀಕಿ ಮೌತ್, ಮಿಸ್ ಟೀಕಪ್ ವಿಸ್ಪರ್. ಕಲ್ಪನೆಯ ಹೆಸರುಗಳೇ ನಿಜ, ಆದರೆ ಇಂಥ ಮಿಸ್ಸುಗಳು ಯಾವ ಬೀದಿಯಲ್ಲಿಲ್ಲ? ‘ನಾವು ಸೋಲುತ್ತೇವೆ ಕಣ್ರೀ’ ಎಂದ ಪಾಪದವರಿಗೆ ಕೋರ್ಟಿನಲ್ಲಿ ದಂಡ ಬಿತ್ತು, ಕೆಲವರು ಜೈಲಿಗೂ ಹೋದರು. ಜನ ಸಿಟ್ಟಾದರು. ತಿಂಗಳು ತುಂಬುವ ಮೊದಲೇ ಚರ್ಚಿಲ್ ಸಂಸತ್ತಿನಲ್ಲಿ ಎದ್ದು ನಿಂತು ಆ ಚಳವಳಿಗೆ ಮರ್ಯಾದೆಯಿಂದ ಮಣ್ಣು ಕೊಟ್ಟರು.

ತಮಾಷೆ ಇರುವುದು ಇದರಾಚೆ. ಒಂದು ಕೋಣೆಯಲ್ಲಿ ಗಾಳಿಸುದ್ದಿ ನಿಲ್ಲಿಸುತ್ತಿದ್ದ ಸರ್ಕಾರವೇ ಇನ್ನೊಂದು ಕೋಣೆಯಲ್ಲಿ ಗಾಳಿಸುದ್ದಿ ತಯಾರಿಸುತ್ತಿತ್ತು. ಶತ್ರುವಿನ ಎದೆ ನಡುಗಿಸುವಂಥ ಸುಳ್ಳುಗಳನ್ನು ಹೊಸೆದು, ಯಾವ ಪಕ್ಷಕ್ಕೂ ಸೇರದ ದೇಶಗಳ ರಾಜಧಾನಿಗಳಲ್ಲಿ ಅವುಗಳನ್ನು ಕಿವಿಯಿಂದ ಕಿವಿಗೆ ದಾಟಿಸುವುದಕ್ಕೆಂದೇ ಒಂದು ಗುಪ್ತ ಸಮಿತಿಯಿತ್ತು. ಆ ಕಾರ್ಖಾನೆಯ ಅತ್ಯುತ್ತಮ ಸರಕೆಂದರೆ ‘ಇಂಗ್ಲಿಷರ ಹತ್ತಿರ ಸಮುದ್ರಕ್ಕೇ ಬೆಂಕಿ ಹಚ್ಚುವ ಉಪಾಯ ಇದೆ’ ಎಂಬ ಸುದ್ದಿ. ಪೂರ್ತಿ ಸುಳ್ಳೂ ಅಲ್ಲ. ಕೊಳವೆಗಳಲ್ಲಿ ಎಣ್ಣೆ ಹರಿಸಿ ಅಲೆಗಳ ಮೇಲೆ ಬೆಂಕಿ ಎಬ್ಬಿಸುವ ಪ್ರಯೋಗಕ್ಕಾಗಿ ಅದೇ ಜುಲೈಯಲ್ಲಿ ಪ್ರತ್ಯೇಕ ಇಲಾಖೆಯೇ ಹುಟ್ಟಿತ್ತು. ನೀರು ಶಾಂತವಾಗಿದ್ದ ದಿನ ಬೆಂಕಿ ಭರ್ಜರಿಯಾಗಿ ಎದ್ದಿತು. ಅಲೆ ಜೋರಿದ್ದ ದಿನ ಎಣ್ಣೆ ಚದುರಿಹೋಯಿತು. ಜರ್ಮನರು ಶಾಂತವಾದ ದಿನವನ್ನೇ ನೋಡಿಕೊಂಡು ಬರುತ್ತಾರೆಂದು ನೆಚ್ಚಿ ಕೂರುವಂತಿರಲಿಲ್ಲ. ಹಾಗಾಗಿ ಬೆಂಕಿಗಿಂತ ಬೆಂಕಿಯ ಸುದ್ದಿಯೇ ಹೆಚ್ಚು ಕೆಲಸಕ್ಕೆ ಬಂತು.

ನನಗೆ ಈ ಸಂಗತಿಗಳ ಗೀಳು ಹಿಡಿದದ್ದು ಮಗಳ ಬಾಣಂತನದ ನೆಪದಲ್ಲಿ. ಇಂಗ್ಲೆಂಡಿನ ಪೂರ್ವ ತೀರದಲ್ಲಿ ಸಫೊಕ್ ಎಂಬ ಜಿಲ್ಲೆ, ಅದರ ಮುಖ್ಯ ಪಟ್ಟಣ ಇಪ್ಸ್‌ವಿಚ್. ಪಕ್ಕದ ಮಾರ್ಟಲ್‌ಶಮ್‌ನಲ್ಲಿ ಟೆಲಿಫೋನ್ ಕಂಪನಿಯ ದೊಡ್ಡ ಸಂಶೋಧನಾ ಕೇಂದ್ರವಿದೆ. ಕಂಪ್ಯೂಟರ್ ಕೆಲಸದ ನಮ್ಮ ಹುಡುಗರು ಅಲ್ಲಿಗೆ ಬಂದು ಸೇರುತ್ತಾರೆ. ನಮ್ಮ ಅಳಿಯಂದಿರೂ ಸೇರಿದರು. ಅದೇ ಬಯಲು ಯುದ್ಧಕಾಲದಲ್ಲಿ ವಿಮಾನ ನಿಲ್ದಾಣವಾಗಿತ್ತು. ಎರಡೂ ಕಾಲು ಕಳೆದುಕೊಂಡು ಕೃತಕ ಕಾಲಿನಲ್ಲೇ ಯುದ್ಧವಿಮಾನ ಹಾರಿಸಿದ ಡಗ್ಲಾಸ್ ಬೇಡರ್ ತನ್ನ ತುಕಡಿಯೊಂದಿಗೆ ಅಲ್ಲಿದ್ದನಂತೆ. ಅಳಿಯಂದಿರನ್ನು ಕೇಳಿದರೆ, ‘ಹೌದಾ ಅತ್ತೆ? ನಮಗೆ ಅಲ್ಲಿ ಪಾರ್ಕಿಂಗ್ ಸಿಕ್ಕರೆ ಸಾಕಾಗಿರುತ್ತೆ’ ಅಂದರು. ಕೂಸು ಮಧ್ಯಾಹ್ನ ನಿದ್ದೆ ಹೋದ ಮೇಲೆ ಮಾಡಲು ನನಗೇನೂ ಕೆಲಸವಿರುತ್ತಿರಲಿಲ್ಲ. ಊರ ಲೈಬ್ರರಿಯಲ್ಲಿ ಸ್ಥಳೀಯ ಚರಿತ್ರೆಗೆಂದೇ ಕಪಾಟುಗಳಿದ್ದವು. ರಾಜರು ಅಲ್ಲಿ ಅಪರೂಪ. ಬಾವಿ, ದೆವ್ವ, ಬಾಂಬು, ಚರ್ಚಿನ ಲೆಕ್ಕಪತ್ರ, ಇವೇ ತುಂಬಿದ್ದವು. ನನಗೂ ಅಷ್ಟೇ ಬೇಕಿತ್ತು. ಶನಿವಾರ ಬಂತೆಂದರೆ ಓದಿದ ಊರುಗಳಿಗೆ ಕಾರು ಹೊರಡಿಸುವುದು ನನ್ನ ಹಠವಾಯಿತು.

ಮೊದಲು ಬ್ಲೈಬರೊ. ಹೊಳೆಯೊಂದು ಕಡಲಿಗೆ ಸೇರುವ ಮುನ್ನ ಕೆಸರಾಗಿ ಹರಡಿಕೊಳ್ಳುವ ಜಾಗ. ಅದರ ದಂಡೆಯಲ್ಲಿ ಆ ಪುಟ್ಟ ಊರಿಗೆ ಸಲ್ಲದಷ್ಟು ದೊಡ್ಡ ಚರ್ಚು. 1577ರ ಆಗಸ್ಟ್ 4, ಭಾನುವಾರ, ಪ್ರಾರ್ಥನೆಯ ಹೊತ್ತಿಗೆ ಸಿಡಿಲು ಗುಡುಗಿನ ನಡುವೆ ಒಂದು ಕರಿನಾಯಿ ಒಳಗೆ ನುಗ್ಗಿತಂತೆ. ಇಬ್ಬರು ಗಂಡಸರನ್ನೂ ಒಬ್ಬ ಹುಡುಗನನ್ನೂ ಕೊಂದು, ಗೋಪುರದ ಶಿಖರ ಕೆಡವಿ, ಉತ್ತರದ ಬಾಗಿಲನ್ನು ಪರಚಿ ಓಡಿತಂತೆ. ಬಾಗಿಲ ಮೇಲೆ ಸುಟ್ಟ ಗುರುತುಗಳು ಈಗಲೂ ಇವೆ. ಬೆರಳಿಟ್ಟು ನೋಡಿದೆ, ಸರಿಯಾಗಿ ಕೂರುತ್ತವೆ. ಅದೇ ದಿನ ಹತ್ತು ಹನ್ನೆರಡು ಮೈಲಿ ದೂರದ ಬಂಗೀ ಪಟ್ಟಣದ ಚರ್ಚಿಗೂ ನಾಯಿ ಹೊಕ್ಕು ಇಬ್ಬರನ್ನು ಕೊಂದಿತ್ತು. ಇಷ್ಟೆಲ್ಲ ಜಗತ್ತಿಗೆ ಗೊತ್ತಾದದ್ದು ಅಬ್ರಹಾಂ ಫ್ಲೆಮಿಂಗ್ ಎಂಬುವನು ಅದೇ ವರ್ಷ ಬರೆದ ಪುಸ್ತಿಕೆಯಿಂದ. ಆತ ಕೂತು ಬರೆದದ್ದು ಲಂಡನ್ನಿನಲ್ಲಿ. ಬಂಗೀ ಚರ್ಚಿನ ಲೆಕ್ಕದ ಪುಸ್ತಕದಲ್ಲೂ ಆ ದಿನದ ದಾಖಲೆ ಇದೆ. ಬಿರುಗಾಳಿ ಬಂತು, ಗಂಟೆಗೋಪುರದಲ್ಲಿ ಇಬ್ಬರು ಸತ್ತರು ಎಂದಿದೆ. ನಾಯಿಯ ಸುಳಿವೇ ಇಲ್ಲ. ಹೆಣ ಹೂತ ಊರಿನವರಿಗೆ ಸಿಡಿಲು ಕಂಡಿತು, ಪುಸ್ತಕ ಮಾರುವ ಊರಿನವನಿಗೆ ನಾಯಿ ಕಂಡಿತು!

ಆದರೆ ಊರಿನವರು ಜಾಣರು, ಬಂದ ನಾಯಿಯನ್ನು ಬಿಡಲಿಲ್ಲ. ಅದು ಇಂದು ಬ್ಲ್ಯಾಕ್ ಶಕ್ ಎಂಬ ಹೆಸರಿನಲ್ಲಿ ಇಡೀ ತೀರವನ್ನು ಕಾಯುತ್ತಿದೆ. ಬಂಗೀಯ ಪೇಟೆ ನಡುವೆ ದೀಪದ ಕಂಬದ ಮೇಲೆ ಗಾಳಿಗೆ ತಿರುಗುವ ನಾಯಿ ಅದೇ. ಊರಿನ ಫುಟ್‌ಬಾಲ್ ತಂಡವನ್ನೂ ಬ್ಲ್ಯಾಕ್ ಡಾಗ್ಸ್ ಎಂದೇ ಕರೆಯುತ್ತಾರೆ. 2014ರಲ್ಲಿ ಹತ್ತಿರದ ಲೀಸ್ಟನ್ ಮಠದ ಅವಶೇಷಗಳಲ್ಲಿ ಭಾರಿ ನಾಯಿಯೊಂದರ ಅಸ್ಥಿಪಂಜರ ಸಿಕ್ಕ ಸುದ್ದಿ ಹೊರಬಿದ್ದಾಗ ಪತ್ರಿಕೆಗಳು ‘ಸಿಕ್ಕಿತು ಶಕ್‌ನ ಮೂಳೆ’ ಎಂದು ಕುಣಿದಾಡಿದವು. ಪಾಪ, ಮಠದಲ್ಲಿ ಯಾರೋ ಅಕ್ಕರೆಯಿಂದ ಸಾಕಿ ಮಣ್ಣು ಮಾಡಿದ ನಾಯಿಯಿದ್ದೀತು.

ಅದೇ ಬ್ಲೈಬರೊ ಚರ್ಚಿನ ಮಾಡಿನಲ್ಲಿ ಮರದ ದೇವತೆಗಳು ರೆಕ್ಕೆ ಬಿಚ್ಚಿ ಕೂತಿದ್ದಾರೆ. ಅವರ ಮೈಯಲ್ಲಿ ಸೀಸದ ಗುಂಡಿನ ಚೂರುಗಳು ಸಿಕ್ಕಿದ್ದವು. 1644ರಲ್ಲಿ ಮೂರ್ತಿಭಂಜಕ ವಿಲಿಯಂ ಡೌಸಿಂಗ್ ಬಂದಿದ್ದನಲ್ಲ, ಅವನ ಕಡೆಯವರು ದೇವತೆಗಳಿಗೇ ಗುಂಡು ಹಾರಿಸಿದರು ಎಂದು ಊರೆಲ್ಲ ನಂಬಿತ್ತು. ಪರೀಕ್ಷೆ ಮಾಡಿದರೆ ಚೂರುಗಳು ಮುಂದಿನ ಶತಮಾನದವು. ಚರ್ಚಿನ ಹಳೆಯ ಲೆಕ್ಕದಲ್ಲಿ ಮಾಡಿನ ಕಾಗೆಜಾತಿಯ ಹಕ್ಕಿಗಳನ್ನು ಹೊಡೆಯಲು ಮದ್ದುಗುಂಡಿಗೆ ಕೊಟ್ಟ ಹಣವೂ ಸಿಕ್ಕಿತು. ಡೌಸಿಂಗ್ ಬೇಕಾದಷ್ಟು ಹಾಳು ಮಾಡಿದ್ದ, ಆದ್ದರಿಂದ ಹಕ್ಕಿಗಳ ಲೆಕ್ಕವನ್ನೂ ಅವನ ತಲೆಗೇ ಕಟ್ಟಿದರು.

ಈ ಊರ ಆಕಾಶದಲ್ಲೇ, 1944ರ ಆಗಸ್ಟ್ 12ರ ಸಂಜೆ, ಒಂದು ವಿಮಾನ ಸಿಡಿದು ಚೂರುಚೂರಾಯಿತು. ಅದರೊಳಗೆ ಒಂಬತ್ತು ಟನ್ನಿಗೂ ಹೆಚ್ಚು ಸಿಡಿಮದ್ದು. ಇಬ್ಬರು ವೈಮಾನಿಕರು ಅದನ್ನು ಮೇಲೇರಿಸಿ, ಮದ್ದಿನ ಕೀಲಿ ಸಿದ್ಧಮಾಡಿ, ಪ್ಯಾರಾಚೂಟಿನಲ್ಲಿ ಹಾರಿಬಿಡಬೇಕು. ಆಮೇಲೆ ಹಿಂದಿನ ವಿಮಾನವೊಂದು ರೇಡಿಯೊದಿಂದ ಅದನ್ನು ನಡೆಸಿಕೊಂಡು ಹೋಗಿ ಫ್ರಾನ್ಸ್ ತೀರದ ಜರ್ಮನ್ ಕೋಟೆಗೆ ಡಿಕ್ಕಿ ಹೊಡೆಸಬೇಕು. ಇಬ್ಬರೂ ಹೊರಗೆ ಹಾರುವ ಮೊದಲೇ ವಿಮಾನ ಸಿಡಿಯಿತು. ಸತ್ತ ಇಬ್ಬರಲ್ಲಿ ಒಬ್ಬ ಜೋಸೆಫ್ ಕೆನಡಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿಯ ಅಣ್ಣ. ಮಗನನ್ನು ಅಧ್ಯಕ್ಷನನ್ನಾಗಿ ಮಾಡಬೇಕೆಂದು ತಂದೆ ಆಸೆ ಕಟ್ಟಿಕೊಂಡಿದ್ದು ಮೊದಲು ಇವನ ಮೇಲೆ. ಕಾರ್ಯಾಚರಣೆ ಗುಟ್ಟಿನದಾದ್ದರಿಂದ ಕೆಳಗಿದ್ದವರಿಗೆ ಆಕಾಶ ಯಾಕೆ ಒಡೆಯಿತೆಂದು ಯಾರೂ ಹೇಳಲಿಲ್ಲ. 1577ರಲ್ಲಿ ಇಂಥದ್ದು ನಡೆದಿದ್ದರೆ ಫ್ಲೆಮಿಂಗ್ ಎರಡನೆಯ ನಾಯಿಯನ್ನು ಕಳಿಸುತ್ತಿದ್ದ. 1944ರ ಜನಕ್ಕೆ ಆ ಭಾಗ್ಯವೂ ಇಲ್ಲ.

ಬಾಯಿಗೆ ಬೀಗ ಹಾಕಿದಷ್ಟೂ ಕತೆ ಗರಿಗೆದರುತ್ತದೆ ಎಂಬುದಕ್ಕೆ ಇದೇ ತೀರದ ಬಾಡ್ಸಿ ಎಂಬ ಊರಿನ ಬಂಗಲೆಯೇ ಸಾಕ್ಷಿ. 1935ರಲ್ಲಿ ವಾಯು ಸಚಿವಾಲಯದವರು ವಿಜ್ಞಾನಿ ರಾಬರ್ಟ್ ವಾಟ್ಸನ್-ವಾಟ್ ಅವರನ್ನು ಒಂದು ಪ್ರಶ್ನೆ ಕೇಳಿದರು: ಜರ್ಮನರ ಹತ್ತಿರ ಸಾವಿನ ಕಿರಣ ಇದೆಯಂತೆ, ನಾವೂ ಮಾಡಬಹುದೇ? ಅವರು ಸಹಾಯಕ ಆರ್ನಲ್ಡ್ ವಿಲ್ಕಿನ್ಸ್‌ಗೆ ಒಂದು ಲೆಕ್ಕ ಕೊಟ್ಟರು. 5 ಕಿಲೋಮೀಟರ್ ದೂರದಲ್ಲಿರುವ ಎಂಟು ಪೈಂಟ್ ನೀರನ್ನು 98 ಡಿಗ್ರಿ ಫ್ಯಾರನ್‌ಹೀಟ್‌ನಿಂದ 105ಕ್ಕೆ ಏರಿಸಲು ರೇಡಿಯೊ ಶಕ್ತಿ ಎಷ್ಟು ಬೇಕು? ಎಂಟು ಪೈಂಟ್ ಎಂದರೆ ಒಬ್ಬ ಮನುಷ್ಯನ ರಕ್ತ ಎಂದು ವಿಲ್ಕಿನ್ಸ್‌ಗೆ ಹೊಳೆಯಿತು. ಜ್ವರ ಬರಿಸಿ ಕೊಲ್ಲುವ ಲೆಕ್ಕ! ಕೊಲ್ಲುವುದು ಸಾಧ್ಯವಿಲ್ಲ, ಆದರೆ ವಿಮಾನಕ್ಕೆ ತಾಗಿ ಮರಳಿದ ಅಲೆಯಿಂದ ಅದು ಬರುವುದನ್ನು ಪತ್ತೆ ಮಾಡಬಹುದು ಎಂದು ಉತ್ತರ ಬಂತು. ಅಲ್ಲಿಂದ ರೇಡಾರ್. ಆರ್ಫರ್ಡ್‌ನೆಸ್ ಎಂಬ ಕಲ್ಲುದಿಬ್ಬದ ಮೇಲೆ ಆರಂಭದ ಪ್ರಯೋಗಗಳಾದವು. 1936ರಲ್ಲಿ ಬಾಡ್ಸಿ ಬಂಗಲೆಯನ್ನು ಕೊಂಡು, ಮುಂದಿನ ವರ್ಷ ಅಲ್ಲೇ ಮೊದಲ ರೇಡಾರ್ ಠಾಣೆ ನಡೆಸಿದರು. ತೋಟದಲ್ಲಿ ತೆಂಗಿನ ಮರದ ಮೂರು ನಾಲ್ಕು ಪಟ್ಟು ಎತ್ತರದ ಕಂಬಗಳೆದ್ದರೆ ಊರವರು ಸುಮ್ಮನಿರುತ್ತಾರೆಯೇ? ಬಂಗಲೆಯ ಹತ್ತಿರ ಹೋದ ಕಾರಿನ ಎಂಜಿನ್ ತಾನಾಗಿಯೇ ನಿಲ್ಲುತ್ತದಂತೆ ಎಂಬ ಕತೆ ಹುಟ್ಟಿತು. ಸಾವಿನ ಕಿರಣವನ್ನು ವಿಜ್ಞಾನಿ ಕೈಬಿಟ್ಟರೂ ಊರು ಕೈಬಿಡಲಿಲ್ಲ.

ರೇಡಾರಿನ ಗುಟ್ಟಿನಿಂದ ಒಂದು ಕತೆ ನಮ್ಮ ಅಡುಗೆಮನೆಯವರೆಗೂ ಬಂದಿದೆ. ಇರುಳಿನಲ್ಲಿ ಜರ್ಮನ್ ವಿಮಾನಗಳನ್ನು ಸಾಲಾಗಿ ಹೊಡೆದುರುಳಿಸುತ್ತಿದ್ದ ಜಾನ್ ಕನ್ನಿಂಗ್‌ಹ್ಯಾಮ್‌ಗೆ ‘ಬೆಕ್ಕಿನ ಕಣ್ಣು’ ಎಂದು ಪತ್ರಿಕೆಗಳು ಬಿರುದು ಕೊಟ್ಟವು. ಆತ ಕ್ಯಾರೆಟ್ ತಿನ್ನುತ್ತಾನೆ, ಅದಕ್ಕೇ ಕತ್ತಲಲ್ಲಿ ಕಣ್ಣು ಕಾಣುತ್ತದೆ ಎಂದು ಸುದ್ದಿ ಹಬ್ಬಿತು. ವಿಮಾನದೊಳಗೊಂದು ರೇಡಾರ್ ಪೆಟ್ಟಿಗೆ ಇತ್ತು ಎಂದು ಯಾರೂ ಬರೆಯುವಂತಿರಲಿಲ್ಲ. ಆ ಕಾಲಕ್ಕೆ ದೇಶದಲ್ಲಿ ಕ್ಯಾರೆಟ್ಟೂ ಬೇಕಾದಷ್ಟಿತ್ತು, ಸರ್ಕಾರಕ್ಕೆ ಅದು ಖರ್ಚಾದರೆ ಸಾಕಿತ್ತು. ‘ಕ್ಯಾರೆಟ್ ತಿನ್ನೋ, ಕಣ್ಣಿಗೆ ಒಳ್ಳೇದು’ ಎಂದು ನನ್ನ ಮಗನ ಬಾಯಿಗೆ ತುರುಕುವಾಗ ನಾನೂ ಬ್ರಿಟಿಷ್ ವಾಯುಸೇನೆಯ ಸೇವೆ ಮಾಡುತ್ತಿದ್ದೆನೋ ಏನೋ.

ಬಾಡ್ಸಿಯಿಂದ ಸ್ವಲ್ಪ ಉತ್ತರಕ್ಕೆ ಶಿಂಗಲ್ ಸ್ಟ್ರೀಟ್. ನುಣುಪು ಕಲ್ಲುಗಳ ದಿಬ್ಬದ ಮೇಲೆ ಕಡಲಿಗೆ ಮುಖ ಮಾಡಿ ನಿಂತ ಒಂದೇ ಸಾಲು ಮನೆ. 1940ರಲ್ಲಿ ಸೈನ್ಯದವರು ಇಲ್ಲಿನ ಜನರನ್ನೆಲ್ಲ ಎಬ್ಬಿಸಿ ಕಳಿಸಿದರು. ನೋಡಲು ಕಣ್ಣುಗಳೇ ಇಲ್ಲದ ಊರಿನಲ್ಲಿ ಕತೆ ಹುಲುಸಾಗಿ ಬೆಳೆಯಿತು. ಜರ್ಮನರು ದೋಣಿಗಳಲ್ಲಿ ಬಂದರಂತೆ, ನಮ್ಮವರು ಸಮುದ್ರಕ್ಕೆ ಬೆಂಕಿ ಕೊಟ್ಟರಂತೆ, ಸುಟ್ಟ ಹೆಣಗಳು ರಾಶಿರಾಶಿ ದಡಕ್ಕೆ ಬಂದವಂತೆ. ಆ ಸೆಪ್ಟೆಂಬರ್ 7ರ ರಾತ್ರಿ, ‘ಕ್ರಾಮ್‌ವೆಲ್’ ಎಂಬ ಎಚ್ಚರಿಕೆಯ ಸಂಕೇತ ಪದವನ್ನು ಸೈನ್ಯಕ್ಕೆ ಕಳಿಸಿದಾಗ, ದಾಳಿ ಬಂದೇಬಿಟ್ಟಿತೆಂದು ಕೆಲವು ಊರುಗಳಲ್ಲಿ ಗಾಬರಿಯಿಂದ ಚರ್ಚಿನ ಗಂಟೆ ಹೊಡೆದದ್ದು ನಿಜ. ಜರ್ಮನ್ ಸೈನಿಕರ ಸುಮಾರು ನಲವತ್ತು ಹೆಣಗಳು ಅಲ್ಲೊಂದು ಇಲ್ಲೊಂದು ದಡಕ್ಕೆ ಬಂದವೆಂದು ಚರ್ಚಿಲ್ಲರೇ ಬರೆದಿದ್ದಾರೆ. ಅದು ಸಫೊಕ್‌ನಲ್ಲಲ್ಲ, ದಕ್ಷಿಣ ತೀರದಲ್ಲಿ. ಫ್ರಾನ್ಸ್ ಕಡೆಯಲ್ಲಿ ದೋಣಿ ಹತ್ತುವ ತಾಲೀಮಿನಲ್ಲಿ ಮುಳುಗಿದವರು ಅವರು. ದಾಳಿ ಸೋತು ಸತ್ತರೆಂಬ ಕತೆ ಹಬ್ಬಿದಾಗ ಅದನ್ನು ಅಲ್ಲಗಳೆಯುವ ಗೋಜಿಗೆ ತಾವು ಹೋಗಲಿಲ್ಲ ಎಂದೂ ಅವರು ಒಪ್ಪಿಕೊಂಡಿದ್ದಾರೆ.

ಒಂದು ಕಡೆ ಕಾರ್ಖಾನೆಯ ಸುಳ್ಳು, ಇನ್ನೊಂದು ಕಡೆ ಊರಿನ ಭಯ. ಶತ್ರುವಿಗೆಂದು ಮಾಡಿದ ಮಾಲನ್ನು ಮನೆಯವರೇ ಕೊಂಡುಕೊಂಡರು. ಅರ್ಧ ಶತಮಾನ ಕಾಗದಪತ್ರ ಮುಚ್ಚಿಟ್ಟದ್ದರಿಂದ ‘ಏನೋ ಇದೆ, ಅದಕ್ಕೇ ಮುಚ್ಚಿಟ್ಟಿದ್ದಾರೆ’ ಎಂಬ ಅನುಮಾನ ಬಲಿಯಿತು. ಕೊನೆಗೆ ಸಂಸತ್ತಿನಲ್ಲಿ ಪ್ರಶ್ನೆ ಎದ್ದು 1993ರಲ್ಲಿ ಅವಧಿಗೆ ಮುನ್ನವೇ ದಾಖಲೆ ತೆರೆದರು. ಜರ್ಮನ್ ದಾಳಿಯೂ ಇಲ್ಲ, ಹೆಣದ ರಾಶಿಯೂ ಇಲ್ಲ. ಖಾಲಿ ಊರನ್ನು ತಮ್ಮದೇ ಬಾಂಬುಗಳ ಪರೀಕ್ಷೆಗೆ ಬಳಸಿದ್ದರು. ಊರಿಗಿದ್ದ ಒಂದೇ ಪಬ್ಬು ಲೈಫ್‌ಬೋಟ್ ಇನ್ ನಾಶವಾದದ್ದು ಹಿಟ್ಲರನಿಂದಲ್ಲ, ಸ್ವದೇಶಿ ಬಾಂಬಿನಿಂದ. ನನ್ನನ್ನು ಕೇಳಿದರೆ ಮುಚ್ಚಿಡಬೇಕಾಗಿದ್ದ ನಾಚಿಕೆಯ ಸಂಗತಿ ಅದೇ. ಮನೆಮಠ ಬಿಟ್ಟುಹೋದವರಿಗೆ ಹಿಂತಿರುಗಿದಾಗ ಮನೆ ಇತ್ತೋ ಇಲ್ಲವೋ ಎಂದು ಯಾವ ದಂತಕತೆಯೂ ವಿಚಾರಿಸಲಿಲ್ಲ.

ಆರ್ಫರ್ಡ್ ಕೋಟೆಯ ಕತೆಯಲ್ಲಿ ಈ ನಾಚಿಕೆಯೇ ಕತೆಯಾಗಿದೆ. ಎರಡನೆಯ ಹೆನ್ರಿ 1165ರಿಂದ 1173ರವರೆಗೆ ಕಟ್ಟಿಸಿದ ಕೋಟೆ ಅದು. ಅವನ ಕಾಲದಲ್ಲೇ ಬೆಸ್ತರ ಬಲೆಗೆ ಮೈತುಂಬ ಕೂದಲಿನ, ಬತ್ತಲೆ ಮನುಷ್ಯನೊಬ್ಬ ಬಿದ್ದನೆಂದು ಕಾಗ್ಸಲ್‌ನ ರಾಲ್ಫ್ ಎಂಬ ಮಠಾಧಿಪತಿ ಬರೆದಿಟ್ಟಿದ್ದಾನೆ. ಹಸಿ ಮೀನನ್ನು ಕೈಯಲ್ಲಿ ಹಿಂಡಿ ನೀರು ತೆಗೆದು ತಿನ್ನುತ್ತಿದ್ದನಂತೆ. ತಲೆಕೆಳಗಾಗಿ ನೇತುಹಾಕಿ ಹಿಂಸೆ ಕೊಟ್ಟರೂ ಮಾತಾಡಲಿಲ್ಲವಂತೆ. ಒಮ್ಮೆ ಮೂರು ಸುತ್ತು ಬಲೆಯೊಳಗೆ ಈಜಲು ಬಿಟ್ಟರೆ, ಮೂರನ್ನೂ ತಪ್ಪಿಸಿಕೊಂಡು ಕಡಲಿಗೆ ಹೋದವನು ತಾನಾಗಿಯೇ ಮರಳಿ ಬಂದನಂತೆ. ಸ್ವಲ್ಪ ಕಾಲ ಇದ್ದು ಮತ್ತೆ ಹೋದವನು ಬರಲೇ ಇಲ್ಲ. ಬಂದವನನ್ನು ಊರು ಹೇಗೆ ನಡೆಸಿಕೊಂಡಿತು ಎಂಬುದನ್ನು ಆ ಮಠಾಧಿಪತಿ ಮುಚ್ಚಿಡಲಿಲ್ಲ, ಅದು ದೊಡ್ಡದು. ಅಲ್ಲೇ ಹತ್ತಿರದ ಕಾಡಿನಲ್ಲಿ, ರೆಂಡಲ್‌ಶಮ್‌ನಲ್ಲಿ, 1980ರ ಡಿಸೆಂಬರಿನಲ್ಲಿ ಹಾರುವ ತಟ್ಟೆಯಂಥದ್ದು ಕಂಡೆವೆಂದು ಅಮೆರಿಕನ್ ಸೈನಿಕರು ವರದಿ ಬರೆದರು. ಅಲ್ಲಿಂದ ನೇರಕ್ಕೆ ಆರ್ಫರ್ಡ್‌ನೆಸ್‌ನ ದೀಪಸ್ತಂಭ ಮಿನುಗುತ್ತಿತ್ತು ಎಂಬುದು ಬಲ್ಲವರ ವಿವರಣೆ. ಅರಣ್ಯ ಇಲಾಖೆ ಎರಡನ್ನೂ ಕೇಳಿಸಿಕೊಂಡು ಹಾರುವ ತಟ್ಟೆಯ ಹೆಸರಿನಲ್ಲಿ ಕಾಲುದಾರಿ ಮಾಡಿದೆ. ಕೂಸಿನ ಗಾಡಿ ತಳ್ಳಿಕೊಂಡು ಹೋಗಲು ಹದವಾದ ದಾರಿ.

ಡನಿಚ್‌ಗೆ ಹೋದ ದಿನ ಮಳೆ. ಒಂದು ಕಾಲಕ್ಕೆ ದೊಡ್ಡ ಬಂದರು ಪಟ್ಟಣ. 1286ರ ಬಿರುಗಾಳಿಯಿಂದ ಮೊದಲಾಗಿ ಕಡಲು ಬೀದಿ ಬೀದಿಯಾಗಿ ಅದನ್ನು ತಿಂದುಹಾಕಿತು. ಕೊನೆಯ ಹಳೆಯ ಚರ್ಚು ಕೂಡ 1904ರಿಂದ 1919ರೊಳಗೆ ದಿಬ್ಬದಿಂದ ತುಂಡುತುಂಡಾಗಿ ಕಡಲಿಗೆ ಬಿತ್ತು. ಊರು ಹೋದರೂ ಓಟು ಹೋಗಲಿಲ್ಲ. 1832ರವರೆಗೆ ಆ ಬೆರಳೆಣಿಕೆಯ ಮನೆಗಳು ಸಂಸತ್ತಿಗೆ ಇಬ್ಬರನ್ನು ಕಳಿಸುತ್ತಲೇ ಇದ್ದವು! ಗಾಳಿ ಜೋರಿದ್ದ ರಾತ್ರಿ ಮುಳುಗಿದ ಚರ್ಚುಗಳ ಗಂಟೆ ನೀರಡಿಯಿಂದ ಕೇಳಿಸುತ್ತದೆ ಎನ್ನುತ್ತಾರೆ. 1940ರ ಜೂನ್‌ನಿಂದ ಇಡೀ ದೇಶದಲ್ಲಿ ಚರ್ಚಿನ ಗಂಟೆ ನಿಷಿದ್ಧವಾಗಿತ್ತು. ಶತ್ರು ಇಳಿದರೆ ಮಾತ್ರ ಹೊಡೆಯಬೇಕು. ಉತ್ತರ ಆಫ್ರಿಕದ ಅಲ್ ಅಲಮೇನ್ ಕದನ ಗೆದ್ದ ಸಂತೋಷಕ್ಕೆ 1942ರ ನವೆಂಬರಿನ ಒಂದು ಭಾನುವಾರ ಬಾರಿಸಿದಂಥ ಒಂದೆರಡು ಸಂದರ್ಭ ಬಿಟ್ಟರೆ 1943ರವರೆಗೆ ಮೌನ. ಆ ಮೂರು ವರ್ಷ ಸಫೊಕ್‌ನಲ್ಲಿ ಸರ್ಕಾರದ ಅಪ್ಪಣೆ ಕೇಳದೆ ಬಾರಿಸಬಹುದಾಗಿದ್ದ ಗಂಟೆಗಳೆಂದರೆ ಡನಿಚ್‌ನವು ಮಾತ್ರ.

ಇಷ್ಟು ಊರುಗಳಲ್ಲಿ ನನಗೆ ತೀರ ಇಷ್ಟವಾದದ್ದು ಬ್ಲಾಕ್ಸಲ್. ನೋಡುವುದಕ್ಕೆ ಅಲ್ಲಿ ಏನೂ ಇಲ್ಲ, ಒಂದು ಕಲ್ಲಿದೆ. ನೇಗಿಲಿಗೆ ಸಿಕ್ಕಾಗ ಎರಡು ಮುಷ್ಟಿಯಷ್ಟಿದ್ದದ್ದು ಬೆಳೆದು ಈಗ ಟನ್‌ಗಟ್ಟಲೆ ತೂಗುತ್ತದೆ ಎಂದು ಊರಿನ ನಂಬಿಕೆ. ಬಸವನಗುಡಿಯ ದೊಡ್ಡ ಬಸವಣ್ಣನೂ ಬೆಳೆಯುತ್ತಿದ್ದನಲ್ಲ, ನೆತ್ತಿಗೆ ಶೂಲ ಹೊಡೆದು ನಿಲ್ಲಿಸಿದರು. ಬ್ಲಾಕ್ಸಲ್‌ನವರಿಗೆ ಅದು ತೋಚಲಿಲ್ಲ. ಈ ಊರಿಗೆ 1948ರಲ್ಲಿ ಜಾರ್ಜ್ ಇವಾರ್ಟ್ ಇವಾನ್ಸ್ ಎಂಬ ವೇಲ್ಸ್‌ನ ಲೇಖಕ ಬಂದರು. ಹೆಂಡತಿ ಊರಿನ ಶಾಲೆಯ ಮೇಷ್ಟರು. ಇವಾನ್ಸರಿಗೆ ಕಿವಿ ಮಂದ. ಆದರೂ ನೆರೆಯ ಮುದುಕರ ಹತ್ತಿರ ಕೂತು ಹುಲ್ಲು ಕೊಯ್ದದ್ದು, ಕುದುರೆ ಪಳಗಿಸಿದ್ದು, ರೊಟ್ಟಿ ಸುಟ್ಟದ್ದು, ಎಲ್ಲ ಬರೆದುಕೊಂಡರು. 1956ರಲ್ಲಿ ಅದು ಪುಸ್ತಕವಾಯಿತು, ಬ್ರಿಟನ್ನಿನಲ್ಲಿ ಬಾಯಿಮಾತಿನ ಚರಿತ್ರೆಗೆ ದಾರಿಯಾಯಿತು. ಕಿವಿ ನೆಟ್ಟಗಿದ್ದ ಪ್ರೊಫೆಸರುಗಳಿಗೆ ಕೇಳದ್ದು ಮಂದಗಿವಿಯವರಿಗೆ ಕೇಳಿತು. ಸುಮಾರು ಅರ್ಧ ಶತಮಾನ ಕಳೆದ ಮೇಲೆ, 2003ರಿಂದ 2006ರವರೆಗೆ, ಬಿಬಿಸಿ ಯುದ್ಧಕಾಲದ ನೆನಪುಗಳನ್ನು ಜನರಿಂದಲೇ ಬರೆಸಿತು. ನಲವತ್ತೇಳು ಸಾವಿರ ಬಂದವು.

ನಮ್ಮ ಪಕ್ಕದ ಮನೆಯ ಅಜ್ಜಿ ಬರೆಯದಿದ್ದವರಲ್ಲಿ ಒಬ್ಬರು. ಕೂಸನ್ನು ನೋಡಲು ಉಲ್ಲನ್ ಟೋಪಿ ಹೆಣೆದುಕೊಂಡು ಬಂದಿದ್ದರು. ನಾನು ಶುಂಠಿ ಟೀ ಕೊಟ್ಟು ಶಿಂಗಲ್ ಸ್ಟ್ರೀಟಿನ ಬೆಂಕಿಯ ಬಗ್ಗೆ ಕೇಳಿದೆ. ‘ಅದೆಲ್ಲ ಗಂಡಸರು ಪಬ್ಬಿನಲ್ಲಿ ಹೇಳುವ ಮಾತು’ ಎಂದು ತಳ್ಳಿಹಾಕಿದರು. ಅವರಿಗೆ ನೆನಪಿದ್ದದ್ದು 1944ರಲ್ಲಿ ಕಡಲ ಮೇಲಿಂದ ಬರುತ್ತಿದ್ದ ಹಾರುವ ಬಾಂಬಿನ ಗರಗರ ಸದ್ದು. ಸದ್ದು ಕೇಳುತ್ತಿರುವವರೆಗೆ ಭಯವಿಲ್ಲ, ಅದು ನಮ್ಮನ್ನು ದಾಟಿ ಹೋಗುತ್ತದೆ. ಸದ್ದು ನಿಂತರೆ ಮೇಜಿನ ಕೆಳಗೆ. ಇನ್ನೊಂದು, ಯುದ್ಧ ಮುಗಿದ ಮೇಲೆ ಮನೆಗೆ ಬಂದ ಮೊದಲ ಬಾಳೆಹಣ್ಣು. ಎಳೆಯ ಹುಡುಗಿ, ಆ ಹಣ್ಣನ್ನು ಕಂಡೇ ಇರಲಿಲ್ಲ. ಸಿಪ್ಪೆ ಸಮೇತ ಕಚ್ಚಿದರಂತೆ. ‘ಇದಕ್ಕೇನಾ ಇವರೆಲ್ಲ ಇಷ್ಟು ವರ್ಷ ಹಲುಬಿದ್ದು ಅನ್ನಿಸಿತು’ ಎಂದು ನಕ್ಕರು. ಅವರ ಮಾತಿನಲ್ಲಿ ನಾಯಿಯೂ ಇಲ್ಲ, ಬೆಂಕಿಯೂ ಇಲ್ಲ. ಆದರೆ ಸದ್ದು ನಿಂತ ಕ್ಷಣವನ್ನು ಹೇಳುವಾಗ ಆ ವಯಸ್ಸಿನಲ್ಲೂ ಅವರ ಕೈ ಟೀ ಲೋಟವನ್ನು ಮೇಜಿನ ನಡುವಿಗೆ ಸರಿಸಿತು. ಆ ಗುಪ್ತ ಸಮಿತಿಯ ಸುಳ್ಳಿನ ಕಾರ್ಖಾನೆ ಇದನ್ನು ತಯಾರಿಸಲಾರದು.

ಮಗಳ ಮನೆ, ಮಗನ ಮನೆ ಎಂದು ಇಂಗ್ಲೆಂಡಿಗೆ ಹೊರಟಿರುವ ನನ್ನ ವಾರಿಗೆಯವರಿಗೆ ಒಂದು ಮಾತು. ಲಂಡನ್ನಿನ ದೊಡ್ಡ ಚಕ್ರವನ್ನು ಎಲ್ಲರೂ ತೋರಿಸುತ್ತಾರೆ, ಅದಕ್ಕೆ ನೀವು ಹಟ ಮಾಡಬೇಕಾಗಿಲ್ಲ. ಹಟ ಮಾಡುವುದಿದ್ದರೆ ಬ್ಲೈಬರೊಗೆ ಮಾಡಿ. ಸ್ವೆಟರ್ ಇಟ್ಟುಕೊಳ್ಳಿ, ಚರ್ಚಿನ ಒಳಗೆ ಹೊರಗಿಗಿಂತ ಹೆಚ್ಚು ಚಳಿ. ಪಕ್ಕದ ಮನೆಯಲ್ಲಿ ಎಂಬತ್ತೈದು ದಾಟಿದ ಅಜ್ಜಿಯೋ ಅಜ್ಜನೋ ಇದ್ದರೆ ಇಂಗ್ಲಿಷ್ ಸರಿಯಾಗಿ ಬಾರದೆಂದು ಹಿಂಜರಿಯದೆ ಟೀಗೆ ಕರೆಯಿರಿ. ಯುದ್ಧವನ್ನು ಕಣ್ಣಾರೆ ಕಂಡ ಮಕ್ಕಳಲ್ಲಿ ಈಗ ಉಳಿದಿರುವವರು ಅವರೇ. ಕೇಳುವುದಿದ್ದರೆ ಈ ಬೇಸಿಗೆಯಲ್ಲೇ ಕೇಳಿಬಿಡಿ.